ಮಾರ್ಷ್‌ಫೀಲ್ಡ್‌ನ ಪೇಪರ್ ವೇಷದ ಕ್ರಿಸ್‌ಮಸ್ ಆಟ: ಹೋಗಿ, ಒಂದಲ್ಲ ಎರಡು ಸಲ ನೋಡಿ

ಡಿಸೆಂಬರ್ 26ಕ್ಕೆ ಇಲ್ಲಿ ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಡೇ ಅಂತಾರೆ, ರಜೆ. ರೈಲು ಬಹುತೇಕ ಓಡುವುದಿಲ್ಲ, ಬಸ್ಸು ಇದ್ದರೂ ಇಲ್ಲದ ಹಾಗೆ. ಬ್ರಿಸ್ಟಲ್‌ಗೆ ಬಂದು ಏಳು ವರ್ಷ ಆಯಿತು, ಪ್ರತಿ ಸಲ ಆ ದಿನ ಮನೆಯಲ್ಲೇ ಕೂತು ಹಿಂದಿನ ದಿನದ ಅಡುಗೆ ಬಿಸಿ ಮಾಡಿ ತಿಂದು ಮುಗಿಸುತ್ತಿದ್ದೆವು. ಈ ಸಲ ಹತ್ತಿರದ ಮಾರ್ಷ್‌ಫೀಲ್ಡ್ ಅನ್ನುವ ಊರಿಗೆ ಹೋಗಿ ಮಮ್ಮರ್ಸ್ ಆಟ ನೋಡಿ ಬಂದೆವು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಮತ್ತೆ ಗದಗದಿಂದ ಬಂದಿದ್ದ ನಮ್ಮ ಅತ್ತೆ. ಈ ಕಡೆ ಇರುವ ಕನ್ನಡದವರು ತುಂಬಾ ಜನ ಇದರ ಬಗ್ಗೆ ಕೇಳಿಯೇ ಇಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಊರಿನ ಗಂಡಸರು ವೇಷ ಹಾಕಿಕೊಂಡು ಮನೆಮನೆಗೆ, ಪಬ್ಬಿಂದ ಪಬ್ಬಿಗೆ ಹೋಗಿ ಒಂದು ಚಿಕ್ಕ ನಾಟಕ ಆಡುವ ಪದ್ಧತಿ ಇತ್ತು. ಅವರೇ ಮಮ್ಮರ್ಸ್. ಕಥೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಇಬ್ಬರು ವೀರರು ಬರುತ್ತಾರೆ, ತಾನು ಎಂಥ ಶೂರ ಅಂತ ಒಬ್ಬೊಬ್ಬರೂ ಹೇಳಿಕೊಳ್ಳುತ್ತಾರೆ, ಕತ್ತಿ ಎತ್ತುತ್ತಾರೆ, ಒಬ್ಬ ಸಾಯುತ್ತಾನೆ. ಡಾಕ್ಟರ್ ಬರುತ್ತಾನೆ. ಸತ್ತವನು ಎದ್ದು ನಿಲ್ಲುತ್ತಾನೆ. ಆಮೇಲೆ ಕಥೆಗೆ ಏನೂ ಸಂಬಂಧ ಇಲ್ಲದ ಇನ್ನೊಂದಿಷ್ಟು ಪಾತ್ರಗಳು ಒಂದರ ಹಿಂದೆ ಒಂದು ಬಂದು ನಾಲ್ಕು ಸಾಲು ಹೇಳಿ, ಕೊನೆಗೆ ದುಡ್ಡು ಕೇಳುತ್ತವೆ. ಅಷ್ಟೇ. ಹತ್ತು ಹದಿನೈದು ನಿಮಿಷದ ಆಟ. ಹೆಚ್ಚಿನ ಊರುಗಳಲ್ಲಿ ವೀರ ಅಂದರೆ ಸೇಂಟ್ ಜಾರ್ಜ್ ಅಥವಾ ಕಿಂಗ್ ಜಾರ್ಜ್, ಅವನ ಎದುರಾಳಿ ಟರ್ಕಿಯ ಯೋಧ ಇಲ್ಲಾ ಸ್ಲ್ಯಾಷರ್ ಅನ್ನುವ ಸಿಪಾಯಿ. ಮಾರ್ಷ್‌ಫೀಲ್ಡ್‌ನಲ್ಲಿ ಮಾತ್ರ ಕಿಂಗ್ ವಿಲಿಯಂ, ಅವನ ಕೈಲಿ ಸಾಯುವವನು ಲಿಟ್ಲ್ ಮ್ಯಾನ್ ಜಾನ್.

ಹೋದ ವರ್ಷವೇ ಹೋಗಬೇಕು ಅಂತಿದ್ದೆವು. ಆಗ ನಮ್ಮ ಹತ್ತಿರ ಕಾರ್ ಇರಲಿಲ್ಲ. ಎರಡು ವಾರ ಮುಂಚೆ ಬುಕ್ ಮಾಡಿದ್ದ ಟ್ಯಾಕ್ಸಿಯವರು ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಬರುವುದಿಲ್ಲ ಅಂತ ಮೆಸೇಜ್ ಹಾಕಿದರು. ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ಮೊದಲ ಮಾತು, ಟ್ಯಾಕ್ಸಿ ನಂಬಬೇಡಿ, ಸ್ವಂತ ಕಾರು ಇಲ್ಲಾ ಸ್ನೇಹಿತರ ಕಾರು ನೋಡಿಕೊಳ್ಳಿ. ಊರು ಬ್ರಿಸ್ಟಲ್‌ನಿಂದ ಚಿಪ್ಪೆನಮ್ ಕಡೆ ಹೋಗುವ ಎ420 ರಸ್ತೆಯಲ್ಲಿ ಸಿಗುತ್ತದೆ. ಬಾತ್ ಕಡೆಯಿಂದ ಬರುವವರಿಗೂ ದೂರ ಏನಿಲ್ಲ, ಇಪ್ಪತ್ತು ನಿಮಿಷ. ಎತ್ತರದ ಜಾಗ, ಗಾಳಿ ಜೋರು. ಬ್ರಿಸ್ಟಲ್‌ನಲ್ಲಿ ಸಾಕಾಗುವ ಜಾಕೆಟ್ ಅಲ್ಲಿ ಸಾಕಾಗುವುದಿಲ್ಲ.

ಆಟ ಶುರುವಾಗುವುದು ಬೆಳಿಗ್ಗೆ 11ಕ್ಕೆ, ಮಾರ್ಕೆಟ್ ಪ್ಲೇಸ್ ಅನ್ನುವ ಜಾಗದಲ್ಲಿ. ನಾವು ಹತ್ತೂಮುಕ್ಕಾಲಿಗೆ ಸೇರಿದೆವು. ಜನ ಆಗಲೇ ತುಂಬಿದ್ದರು, ಎಲ್ಲರೂ ಸೇರಿ ಕ್ರಿಸ್‌ಮಸ್ ಹಾಡು ಹೇಳುತ್ತಿದ್ದರು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ವೇದಿಕೆ ಇಲ್ಲ, ಮೈಕ್ ಇಲ್ಲ. ರಸ್ತೆಯೇ ರಂಗ. ಅತ್ತೆಗೆ ಮಂಡಿ ನೋವು, ಗೋಡೆಗೆ ಒರಗಿ ನಿಂತಿದ್ದರು. ಪಕ್ಕದ ಮನೆಯ ಬಾಗಿಲು ತೆಗೆದು ಒಬ್ಬ ಅಜ್ಜಿ ಒಂದು ಕುರ್ಚಿ ತಂದಿಟ್ಟರು, ಏನೂ ಕೇಳಲಿಲ್ಲ, ಇಟ್ಟು ಒಳಗೆ ಹೋದರು. ಆಟ ಮುಗಿದ ಮೇಲೆ ಕುರ್ಚಿ ವಾಪಸ್ ಕೊಡಲು ಹೋದರೆ ಇನ್ನೂ ಮೂರು ಆಟ ಇದೆಯಲ್ಲ, ತಗೊಂಡು ಹೋಗಿ ಅಂದುಬಿಟ್ಟರು!

ಮೊದಲು ಕೇಳಿಸುವುದು ಗಂಟೆ. ಎತ್ತರದ ಟೋಪಿ ಹಾಕಿದ ಡಂಗುರದವನು ಕೈಗಂಟೆ ಬಾರಿಸುತ್ತಾ ಮುಂದೆ ಬರುತ್ತಾನೆ. ಅವನ ಹಿಂದೆ ಸಾಲಾಗಿ ಏಳು ಜನ. ಅವರನ್ನು ಮೊದಲ ಸಲ ನೋಡಿದಾಗ ಮನುಷ್ಯರು ಅಂತ ಅನಿಸುವುದಿಲ್ಲ. ತಲೆಯಿಂದ ಕಾಲಿನ ತನಕ ಬರೀ ಕಾಗದ. ನ್ಯೂಸ್‌ಪೇಪರ್, ಬಣ್ಣದ ಕಾಗದ, ಎರಡು ಬೆರಳಿನಷ್ಟು ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಹರಿದು, ಪದರ ಪದರವಾಗಿ ಹೊಲಿದಿದ್ದಾರೆ. ಮುಖದ ಮೇಲೂ ಅದೇ ಪಟ್ಟಿಗಳು ಇಳಿಬಿದ್ದಿರುತ್ತವೆ. ಕಣ್ಣು ಕಾಣುವುದಿಲ್ಲ. ಅವರು ನಡೆದರೆ ಒಣ ಜೋಳದ ಹೊಲದಲ್ಲಿ ಗಾಳಿ ಬೀಸಿದ ಹಾಗೆ ಸದ್ದು. ಇದಕ್ಕೇ ಈ ತಂಡಕ್ಕೆ ಪೇಪರ್ ಬಾಯ್ಸ್ ಅನ್ನುವ ಹೆಸರು ಬಂದಿದೆ.

ಈಗ ಆಟದ ವಿಷಯ. ಮೊದಲ ಆಟ ನೋಡಿದಾಗ ನನಗೆ ನಿರಾಸೆ ಆಯಿತು. ಯಕ್ಷಗಾನ, ದೊಡ್ಡಾಟ ನೋಡಿ ಬೆಳೆದವರಿಗೆ ವೇಷ ಹಾಕಿದವನು ಬಂದ ಅಂದರೆ ಒಂದು ಅಬ್ಬರ ಇರಬೇಕು, ಕುಣಿತ ಇರಬೇಕು, ಮಾತಿನಲ್ಲಿ ಏರಿಳಿತ ಇರಬೇಕು. ಇಲ್ಲಿ ಅದು ಯಾವುದೂ ಇಲ್ಲ. ಫಾದರ್ ಕ್ರಿಸ್‌ಮಸ್ ಬಂದು, ನೀವು ಕರೆದರೂ ಬಂದೆ ಕರೆಯದಿದ್ದರೂ ಬಂದೆ ಅನ್ನುವ ಅರ್ಥದ ಸಾಲು ಹೇಳುತ್ತಾನೆ. ಹೇಳುವುದು ಹೇಗೆ? ಒಂದೇ ಸ್ವರದಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ. ಕಿಂಗ್ ವಿಲಿಯಂ ಬಂದರೂ ಅದೇ ಸ್ವರ. ಕತ್ತಿಗೆ ಕತ್ತಿ ತಾಗುತ್ತದೆ, ಲಿಟ್ಲ್ ಮ್ಯಾನ್ ಜಾನ್ ಬೀಳುತ್ತಾನೆ, ಆಗಲೂ ಯಾರ ದನಿಯೂ ಏರುವುದಿಲ್ಲ. ನಾವು ನಿಂತಿದ್ದು ಹಿಂದೆ, ಮುಂದೆ ಎತ್ತರದವರ ಬೆನ್ನು, ಮುಖದ ಮುಂದೆ ಕಾಗದ ಇರುವುದರಿಂದ ಮಾತು ಅರ್ಧಕ್ಕರ್ಧ ಅಲ್ಲೇ ನಿಂತುಬಿಡುತ್ತದೆ. ಮಗಳು ಅಪ್ಪನ ಹೆಗಲ ಮೇಲೆ ಕೂತು ಏನೇನಾಯಿತು ಅಂತ ನಮಗೆ ಹೇಳುತ್ತಿದ್ದಳು.

ಆದರೆ ಈ ಆಟ ಒಂದೇ ಸಲ ಆಡಿ ಮುಗಿಸುವುದಿಲ್ಲ, ಅದೇ ದೊಡ್ಡ ಅನುಕೂಲ. ಹೈ ಸ್ಟ್ರೀಟ್ ಉದ್ದಕ್ಕೂ ನಡೆಯುತ್ತಾ, ಜಾಗ ಬದಲಿಸಿ ಬದಲಿಸಿ, ಹಲವು ಸಲ ಆಡುತ್ತಾರೆ. ಜನರೂ ಗಂಟೆಯ ಹಿಂದೆ ನಡೆಯುತ್ತಾರೆ. ಎರಡನೇ ಜಾಗಕ್ಕೆ ನಾವು ಮುಂಚೆಯೇ ಹೋಗಿ ಮುಂದೆ ನಿಂತೆವು. ಅಲ್ಲಿಂದ ನೋಡಿದ್ದು ಬೇರೆಯೇ ಆಟ.

ಎರಡು ಮಾರು ದೂರದಲ್ಲಿ ನಿಂತಾಗ ಆ ಒಂದೇ ಸ್ವರ ಬೇರೆ ಥರ ಕೇಳಿಸುತ್ತದೆ. ಅದು ನಟನೆ ಬಾರದವರ ಮಾತಲ್ಲ. ಪಾತ್ರ ಮಾಡುವವನು ತನ್ನನ್ನು ಪೂರ್ತಿ ಪಕ್ಕಕ್ಕಿಟ್ಟು ಹೇಳುವ ಮಾತು. ಅವನು ಯಾರು ಅಂತ ತಿಳಿಯಬಾರದು, ಮುಖ ಕಾಣಬಾರದು, ದನಿ ಗುರುತು ಸಿಗಬಾರದು. ಹಿಂದೆ ಈ ಆಟ ಆಡುತ್ತಿದ್ದವರು ಹೆಚ್ಚಾಗಿ ಕೂಲಿ ಮಾಡುವವರು, ಹೊಲದಲ್ಲಿ ದುಡಿಯುವವರು. ಚಳಿಗಾಲದಲ್ಲಿ ಕೆಲಸ ಕಡಿಮೆ, ಕೈಯಲ್ಲಿ ದುಡ್ಡಿಲ್ಲ. ವೇಷ ಹಾಕಿ ದೊಡ್ಡ ಮನೆಗಳಿಗೆ ಹೋಗಿ ಆಟ ಆಡಿದರೆ ಒಂದಿಷ್ಟು ಕಾಸು, ಊಟ, ಬಿಯರ್ ಸಿಗುತ್ತಿತ್ತು. ನಾಳೆ ಕೆಲಸ ಕೇಳಲು ಹೋಗಬೇಕಾದ ಯಜಮಾನನ ಬಾಗಿಲಲ್ಲೇ ಇವತ್ತು ಕೈ ಚಾಚಬೇಕು ಅಂದರೆ ಮುಖ ಮುಚ್ಚಿಕೊಳ್ಳುವುದು ಸಹಜ ಅಲ್ವಾ?

ಪಾತ್ರಗಳು ಬರುವಾಗ ಪ್ರತಿಯೊಬ್ಬನೂ ಮೊದಲು ಹೇಳುವ ಮಾತು ‘ಇನ್ ಕಮ್ಸ್ ಐ’. ಇಗೋ ಬಂದೆ ನಾನು. ಮಗಳು ತಕ್ಷಣ ನನ್ನ ಕೋಟು ಜಗ್ಗಿ, ಅಮ್ಮಾ ಗ್ರಾಮರ್ ತಪ್ಪು ಅಂದಳು. ಶಾಲೆಯ ಇಂಗ್ಲಿಷ್‌ಗೆ ತಪ್ಪೇ. ಆದರೆ ಅದನ್ನು ಯಾರೂ ತಿದ್ದಲು ಹೋಗಿಲ್ಲ, ಹಳ್ಳಿಯವರು ಆಡಿದ ಹಾಗೆಯೇ ಉಳಿದಿದೆ. ನಮ್ಮ ಬಯಲಾಟದಲ್ಲಿ ವೇಷ ಬಂದು ತಾನು ಯಾರು ಅಂತ ತಾನೇ ಹೇಳಿಕೊಳ್ಳುತ್ತದಲ್ಲ, ಅದೇ ಕೆಲಸ ಇಲ್ಲಿ ಈ ಮೂರು ಪದ ಮಾಡುತ್ತವೆ. ಎಲ್ಲರ ವೇಷವೂ ಕಾಗದವೇ ಆಗಿರುವಾಗ ಹೆಸರು ಹೇಳದಿದ್ದರೆ ಯಾರು ಯಾರು ಅಂತ ಗೊತ್ತಾಗುವುದಾದರೂ ಹೇಗೆ?

ಡಾಕ್ಟರ್ ಹೆಸರು ಫಿನಿಕ್ಸ್. ಫೀನಿಕ್ಸ್ ಅನ್ನುವುದೇ ಹಳ್ಳಿಯವರ ಬಾಯಲ್ಲಿ ಹಾಗಾಗಿದೆ. ಸತ್ತವನನ್ನು ಎಬ್ಬಿಸುವವನಿಗೆ ಬೂದಿಯಿಂದ ಎದ್ದು ಬರುವ ಹಕ್ಕಿಯ ಹೆಸರು. ಅವನು ವಾಸಿ ಮಾಡುವ ರೋಗಗಳ ಪಟ್ಟಿ ಹೇಳುತ್ತಾನೆ, ತುರಿಕೆ, ಪಕ್ಕೆ ಹಿಡಿತ, ಲಕ್ವ, ಗೌಟು ಅನ್ನುವ ಕೀಲುನೋವು. ಈ ಪಟ್ಟಿ ಬೇರೆ ಊರುಗಳ ಆಟದಲ್ಲೂ ಹೆಚ್ಚುಕಡಿಮೆ ಇದೇ. ಕೆಲವು ಕಡೆ ಡಾಕ್ಟರ್ ಜೊತೆ ಫೀಸಿನ ಚೌಕಾಸಿ ನಡೆಯುತ್ತದೆ, ಕೆಲವು ಕಡೆ ಹಲ್ಲು ಕೀಳುತ್ತಾರೆ, ಕೆಲವು ಕಡೆ ಎಲಿಕ್ಯಾಂಪೇನ್ ಅನ್ನುವ ಗಿಡಮೂಲಿಕೆಯ ಬಾಟ್ಲಿಯಿಂದ ಒಂದು ಹನಿ ಬಾಯಿಗೆ ಬಿಡುತ್ತಾರೆ. ಸಂತೆಯಲ್ಲಿ ಔಷಧಿ ಮಾರುವವನ ಮಾತಿನ ಧಾಟಿ ಅದು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೂ ಈ ಪಾತ್ರ ಬಂದ ಕೂಡಲೇ, ‘ಇಂವಾ ಸಂತ್ಯಾಗಿನ ಔಷಧದಾಂವ ಅಲ್ಲೇನವಾ?’ ಅಂತ ಕೇಳಿದರು. ‘ಹೌದು ಅತ್ತೆ, ನಿಮಗೆ ಹೇಗೆ ಗೊತ್ತಾಯಿತು?’ ಅಂದೆ. ‘ಮಾತಿನ ಗತ್ತೇ ಹೇಳತೈತಲ್ಲ’ ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ, ‘ನಮ್ಮೂರಿಗೆ ಹಗಲುವೇಷದವರು ಬರತಿದ್ರು ನೋಡು, ಹಂಗ ಐತಿ ಇದು’ ಅಂದರು. ಹಗಲು ಹೊತ್ತಲ್ಲೇ ಬೀದಿಯಲ್ಲೇ ಆಟ, ಕೊನೆಗೆ ಅಕ್ಕಿನೋ ಕಾಸೋ. ಎರಡಕ್ಕೂ ನಂಟು ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅತ್ತೆಗೆ ಅರ್ಥ ಮಾಡಿಸಲು ನಾನು ಅರ್ಧ ಗಂಟೆ ತಗೊಳ್ಳುತ್ತಿದ್ದೆ, ಅವರು ಒಂದೇ ಮಾತಲ್ಲಿ ಹಿಡಿದುಬಿಟ್ಟರು.

ನನಗೆ ಎಲ್ಲಕ್ಕಿಂತ ತಟ್ಟಿದ್ದು ಸಾಸಿ ಜಾಕ್. ಹೆಸರು ಕೇಳಿದರೆ ತುಂಟ ಅನಿಸುತ್ತದೆ. ಅವನು ಬಂದು ಹೇಳುವುದು ತನ್ನ ಸಂಸಾರದ ಕಥೆ. ಸಂಸಾರವನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡು ಬಂದಿದ್ದೇನೆ ಅನ್ನುತ್ತಾನೆ, ಮಕ್ಕಳಲ್ಲಿ ಸತ್ತುಹೋದವರ ಬಗ್ಗೆ ಹೇಳುತ್ತಾನೆ. ಈ ಥರದ ನಾಟಕಗಳಲ್ಲಿ ಈ ಪಾತ್ರದವನು ಬೆನ್ನಿಗೆ ಗೊಂಬೆಗಳನ್ನು ಕಟ್ಟಿಕೊಂಡು ಬರುವುದು ವಾಡಿಕೆ. ಲಿಟ್ಲ್ ಮ್ಯಾನ್ ಜಾನ್ ಸತ್ತರೆ ಡಾಕ್ಟರ್ ಬರುತ್ತಾನೆ. ಜಾಕ್‌ನ ಮಕ್ಕಳಿಗೆ ಯಾವ ಡಾಕ್ಟರೂ ಬರುವುದಿಲ್ಲ. ಅದನ್ನೂ ಅದೇ ಏರಿಳಿತ ಇಲ್ಲದ ದನಿಯಲ್ಲೇ ಹೇಳಿ ಪಕ್ಕಕ್ಕೆ ಸರಿಯುತ್ತಾನೆ. ಅಳುತ್ತಾ ಹೇಳಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಆ ಸಾಲು ಬಂದಾಗ ತುಂತುರು ಮಳೆ ಶುರುವಾಗಿತ್ತು, ಅವನ ಹೆಗಲ ಮೇಲಿನ ಒಂದು ಪಟ್ಟಿ ನೆನೆದು ತೋಳಿಗೆ ಅಂಟಿಕೊಂಡಿತ್ತು. ಅದರ ಮೇಲಿನ ಅಕ್ಷರ ಓದಬಹುದಿತ್ತು, ಯಾವುದೋ ಸೋಫಾ ಸೇಲ್ ಜಾಹೀರಾತಿನ ಅರ್ಧ ಬೆಲೆ. ಜನರೆಲ್ಲ ನಗುತ್ತಾ ನಿಂತಿದ್ದ ಬೀದಿ ಒಂದು ಕ್ಷಣ ಸುಮ್ಮನಾಯಿತು. ಆ ಒಂದು ಕ್ಷಣಕ್ಕೆ ನಾನು ಮತ್ತೆ ಹೋಗುತ್ತೇನೆ.

ಆಮೇಲೆ ಟೆನ್‌ಪೆನಿ ನಿಟ್, ಕೊನೆಗೆ ಬೀಲ್ಜಿಬಬ್. ಹೆಸರು ಸೈತಾನನದು. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ಕೈಯಲ್ಲಿ ಬಾಣಲೆ. ಬಾಣಲೆ ದುಡ್ಡಿಗೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಕಾರ್ಡ್ ನಂಬಿಕೊಂಡು ಹೋಗಬೇಡಿ. ನಮ್ಮ ಹಿಂದೆ ನಿಂತಿದ್ದ ಇಬ್ಬರು ಆಟ ಪೂರ್ತಿ ವಿಡಿಯೋ ಮಾಡಿ, ಬಾಣಲೆ ಬಂದ ಕೂಡಲೇ ಮೆಲ್ಲಗೆ ಹಿಂದೆ ಸರಿದರು. ಅದು ನನಗೆ ಸರಿ ಅನಿಸಲಿಲ್ಲ. ಈ ಆಟದಲ್ಲಿ ದುಡ್ಡು ಕೇಳುವುದು ಆಟದ ಹೊರಗಿನ ಕೆಲಸ ಅಲ್ಲ, ಅದು ಆಟದ ಕೊನೆಯ ದೃಶ್ಯ.

ಈ ಆಟ ಉಳಿದುಕೊಂಡಿದ್ದೇ ದೊಡ್ಡ ಮಾತು. 1880ರ ದಶಕದಲ್ಲಿ ಫ್ಲೂ ಬಂದು ಆಡುವವರಲ್ಲಿ ಹಲವರು ತೀರಿಹೋದರು, ಆಟ ನಿಂತುಹೋಯಿತು. 1930ರಲ್ಲಿ ಊರಿನ ಪಾದ್ರಿ ಆಲ್ಫರ್ಡ್ ಅವರ ತೋಟದವನು ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದನಂತೆ. ಕಿವಿಗೊಟ್ಟು ಕೇಳಿದರೆ ‘ರೂಮ್, ರೂಮ್, ಎ ಗ್ಯಾಲಂಟ್ ರೂಮ್ ಐ ಸೇ’. ಜಾಗ ಬಿಡಿ ಜಾಗ ಬಿಡಿ ಅಂತ. ಅದು ನಿಂತುಹೋದ ಆಟದ ಸಾಲು. ಆ ಪಾದ್ರಿಯ ಅಕ್ಕನೋ ತಂಗಿಯೋ ವಯಲೆಟ್ ಆಲ್ಫರ್ಡ್, ಜನಪದದ ಬಗ್ಗೆ ಕೆಲಸ ಮಾಡಿ ಹೆಸರಾದವರು. ಉಳಿದಿದ್ದ ಹಳಬರನ್ನೂ ಹೊಸಬರನ್ನೂ ಸೇರಿಸಿ ಆಟ ಮತ್ತೆ ಶುರು ಮಾಡಿಸಿದರು. 1932ರಿಂದ ಮತ್ತೆ ಆಡುತ್ತಿದ್ದಾರೆ. ಆಟ ಹೀಗಿರಬೇಕು ಅಂತ ಆಕೆ, ಹಾಗಲ್ಲ ಹೀಗಿತ್ತು ಅಂತ ಊರಿನ ಮುದುಕರು, ಅಂತೂ ವಾದ ನಡೆದು ಕೊನೆಗೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟ ಹಾಗಿದೆ. ನನಗೆ ಆ ಮುದುಕರ ಮೇಲೆ ತುಂಬಾ ಗೌರವ. ಐವತ್ತು ವರ್ಷ ಆಡದೇ ಇದ್ದ ಆಟವನ್ನು ನೆನಪಿಟ್ಟುಕೊಂಡು, ಓದಿದ ವಿದ್ವಾಂಸೆಯ ಎದುರು ಅದಲ್ಲಮ್ಮಾ ಇದು ಅಂತ ಹೇಳುವುದು ಸುಲಭವಲ್ಲ.

ಒಂದು ವಿಷಯ ಹೇಳಲೇಬೇಕು. ಅಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದವರು, ಇದು ಕ್ರಿಸ್ತನಿಗಿಂತ ಹಿಂದಿನದು, ಸತ್ತು ಹುಟ್ಟುವ ಸೂರ್ಯನ ಪೂಜೆ ಅಂತ ತಮ್ಮ ಮಕ್ಕಳಿಗೆ ವಿವರಿಸುತ್ತಿದ್ದರು. ಇದನ್ನು ತುಂಬಾ ಕಡೆ ಓದುತ್ತೀರಿ, ಹಿಂದೆ ದೊಡ್ಡ ದೊಡ್ಡ ವಿದ್ವಾಂಸರೂ ಹಾಗೇ ನಂಬಿದ್ದರು. ಆದರೆ ಈ ಥರದ ನಾಟಕದ ಮಾತುಗಳು ಬರವಣಿಗೆಯಲ್ಲಿ ಸಿಗುವುದು 18ನೇ ಶತಮಾನದಿಂದ ಈಚೆಗೆ. ಆಗ ಚಿಕ್ಕ ಚಿಕ್ಕ ಪುಸ್ತಿಕೆಗಳಾಗಿ ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಿದ್ದರು. ಅದಕ್ಕಿಂತ ಹಳೆಯದು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತಲೇ ಈಗಿನ ಸಂಶೋಧಕರು ಹೇಳುತ್ತಾರೆ. ಸಾವಿರಾರು ವರ್ಷ ಹಳೆಯದು ಅಂದರೆ ಮಾತ್ರ ಬೆಲೆ ಅನ್ನುವ ಹಾಗೆ ನೋಡಬಾರದು ಅಂತ ನನ್ನ ಅನಿಸಿಕೆ. ಇನ್ನೂರು ಮುನ್ನೂರು ವರ್ಷ ಹಸಿದ ಜನ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರಲ್ಲ, ಅದು ಕಡಿಮೆಯಾ?

ನನ್ನ ಗೆಳತಿ ಒಬ್ಬಳು ಹೋಗುವ ಮುಂಚೆಯೇ ಕೇಳಿದ್ದಳು, ಅಲ್ಲಿ ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಾರಂತೆ, ಮಗಳನ್ನು ಕರೆದುಕೊಂಡು ಹೋಗುತ್ತೀಯಾ ಅಂತ. ಕೇಳಬೇಕಾದ ಪ್ರಶ್ನೆಯೇ. ಕೆಲವು ಊರುಗಳಲ್ಲಿ ಗುರುತು ಸಿಗದಿರಲಿ ಅಂತ ಮುಖಕ್ಕೆ ಮಸಿ ಹಚ್ಚಿಕೊಳ್ಳುವ ರೂಢಿ ಇತ್ತು. ನೋಡುವವರಿಗೆ ಅದು ಕರಿಯರ ಅಣಕದ ಹಾಗೆ ಕಾಣುತ್ತದೆ, ನೋವಾಗುತ್ತದೆ. 2020ರಲ್ಲಿ ಮಾರಿಸ್ ಅನ್ನುವ ಇಲ್ಲಿನ ಜನಪದ ನೃತ್ಯದ ಸಂಘಗಳೆಲ್ಲ ಸೇರಿ ತಮ್ಮ ತಂಡಗಳಲ್ಲಿ ಮುಖಕ್ಕೆಲ್ಲ ಕಪ್ಪು ಬಳಿಯುವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಿದವು. ಒಳ್ಳೆಯ ಕೆಲಸ. ನೀಲಿ, ಹಸಿರು ಬಣ್ಣ ಹಚ್ಚಿಕೊಂಡರೂ ಗುರುತು ಮರೆಯಾಗುತ್ತದೆ. ಮಾರ್ಷ್‌ಫೀಲ್ಡ್‌ನಲ್ಲಿ ಮುಖಕ್ಕೆ ಕಾಗದವೇ ಇರುವುದರಿಂದ ಈ ಪ್ರಶ್ನೆಯೇ ಬರಲಿಲ್ಲ. ಟರ್ಕಿಯ ಯೋಧ ಇರುವ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ, ಆ ಶತ್ರು ಯಾಕೆ ಟರ್ಕಿಯವನು ಅಂತ ಕೂತು ಮಾತಾಡಿ. ನಮ್ಮ ಮನೆಯಲ್ಲಿ ಆ ಮಾತು ಊಟದ ಹೊತ್ತಿನ ತನಕ ನಡೆಯಿತು.

ಕೊರತೆ ಅಂದರೆ ಎರಡೇ. ಹಿಂದೆ ನಿಂತವರಿಗೆ, ಚಿಕ್ಕ ಮಕ್ಕಳಿಗೆ ಏನೂ ಕಾಣುವುದಿಲ್ಲ. ಮುಂದಿನ ಸಾಲಿನವರು ಕೂತರೆ ಎಷ್ಟೋ ಜನರಿಗೆ ಅನುಕೂಲ, ನೆಲ ಒದ್ದೆ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆ ತಗೊಂಡು ಹೋಗಿ. ಇನ್ನೊಂದು, ಮಾತು ಅರ್ಥ ಆಗುವುದು ಕಷ್ಟ, ಇಲ್ಲೇ ಹುಟ್ಟಿ ಬೆಳೆದವರಿಗೂ ಕಷ್ಟವೇ. ಮನೆಯಲ್ಲೇ ಒಂದು ಸಲ ಕಥೆ, ಪಾತ್ರಗಳ ಹೆಸರು ಹೇಳಿಕೊಂಡು ಹೋದರೆ ಪೂರ್ತಿ ಬೇರೆ ಅನುಭವ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಆ ದಿನ ದೂರ ಇರುವವರಿಗೆ ಬೇರೆ ಊರುಗಳೂ ಇವೆ. ಶೆಫೀಲ್ಡ್ ಕಡೆ ಗ್ರೆನೋಸೈಡ್ ಮತ್ತು ಹ್ಯಾಂಡ್ಸ್‌ವರ್ತ್‌ನಲ್ಲಿ ಬಾಕ್ಸಿಂಗ್ ಡೇ ದಿನವೇ ಕತ್ತಿ ಕುಣಿತ, ಅದು ನಾಟಕವಲ್ಲ, ಆದರೆ ಗ್ರೆನೋಸೈಡ್‌ನಲ್ಲಿ ನಾಯಕನ ಕೊರಳ ಸುತ್ತ ಕತ್ತಿಗಳನ್ನು ಹೆಣೆದು ‘ತಲೆ ಕಡಿಯುವ’ ಭಾಗ ಇದೆ, ಹಾರಿ ಬೀಳುವುದು ಟೋಪಿ. ಆಕ್ಸ್‌ಫರ್ಡ್‌ಶೈರ್‌ನ ಬ್ಯಾಂಪ್ಟನ್‌ನವರು ಕ್ರಿಸ್‌ಮಸ್ ಹಿಂದಿನ ಸಂಜೆ ಆಡುತ್ತಾರೆ. ಹ್ಯಾಂಪ್‌ಶೈರ್‌ನ ಕ್ರೂಕಮ್‌ನಲ್ಲೂ ಬಾಕ್ಸಿಂಗ್ ಡೇ ಆಟ ಇದೆ. ಹೊರಡುವ ಮುಂಚೆ ಆ ವರ್ಷದ ಸಮಯ ಒಮ್ಮೆ ನೋಡಿಕೊಳ್ಳಿ.

ಮಾರ್ಷ್‌ಫೀಲ್ಡ್‌ಗೇ ಹೋಗುವುದಾದರೆ ನನ್ನ ಸಲಹೆ ಇದು. ಹತ್ತೂವರೆಗೆ ಸೇರಿ. ಕಾರು ಊರಿನ ಅಂಚಿನಲ್ಲೇ, ಯಾರ ಮನೆಯ ಗೇಟಿಗೂ ಅಡ್ಡ ಆಗದ ಹಾಗೆ ನಿಲ್ಲಿಸಿ. ಮೊದಲ ಆಟ ಹಿಂದಿನಿಂದ ನೋಡಿದರೂ ಪರವಾಗಿಲ್ಲ. ಅದು ಮುಗಿಯುವ ಮುಂಚೆಯೇ ಬೀದಿಯ ಕೆಳಗೆ ನಡೆದು ಮುಂದಿನ ಜಾಗ ಹಿಡಿಯಿರಿ. ಫ್ಲಾಸ್ಕಿನಲ್ಲಿ ಚಹಾ ಇರಲಿ. ನಾವು ಅವಲಕ್ಕಿ ಚೂಡಾ ಒಯ್ದಿದ್ದೆವು. ಕೊನೆಯ ಆಟ ಮುಗಿದ ಮೇಲೆ ಕುರ್ಚಿ ವಾಪಸ್ ಕೊಡಲು ಹೋದಾಗ ಅತ್ತೆ ಒಂದು ಪೊಟ್ಟಣ ಆ ಅಜ್ಜಿಯ ಕೈಗಿಟ್ಟರು. ಅಜ್ಜಿ ಅಲ್ಲೇ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಇದರಲ್ಲಿ ಕಡಲೆಕಾಯಿ ಜೊತೆ ಹುರಿದು ಹಾಕಿರುವ ಹಸಿರು ಎಲೆ ಯಾವುದು ಅಂತ ಕೇಳಿದರು.